ಒಂದನೇ ಅಲಿ ಬರೀದ್ ಷಾ

ಒಂದನೇ ಅಲಿ ಬರೀದ್ ಷಾ (ಆಳ್ವಿಕೆ: ಕ್ರಿ.ಶ. 1542–1580) ಬೀದರಿನ ಬರೀದ್ ಷಾಹಿ ಮನೆತನದ ಮೂರನೆಯ ಅರಸು ಹಾಗೂ ಆ ಮನೆತನದಲ್ಲಿ ‘ಷಾ’ ಎಂಬ ರಾಜಬಿರುದನ್ನು ಬಹಿರಂಗವಾಗಿ ಧರಿಸಿದ ಮೊದಲಿಗ. ಬಹಮನಿ ಸಾಮ್ರಾಜ್ಯವು ಒಡೆದು ಹುಟ್ಟಿದ ಐದು ದಖ್ಖನಿ ಸುಲ್ತಾನ ರಾಜ್ಯಗಳಲ್ಲಿ ಅತ್ಯಂತ ಚಿಕ್ಕದನ್ನು ಈತನು ಸುಮಾರು ಮೂವತ್ತೆಂಟು ವರ್ಷಗಳ ಕಾಲ ಆಳಿದನು. 1565ರಲ್ಲಿ ವಿಜಯನಗರದ ವಿರುದ್ಧ ನಡೆದ ರಕ್ಕಸತಂಗಡಿ ಯುದ್ಧದಲ್ಲಿ ಪಾಲ್ಗೊಂಡ ನಾಲ್ವರು ಸುಲ್ತಾನರಲ್ಲಿ ಈತನೂ ಒಬ್ಬ. ಬೀದರ್ ಕೋಟೆಯೊಳಗಿನ ರಂಗೀನ್ ಮಹಲ್ ಮತ್ತು ನಗರದ ಪಶ್ಚಿಮಕ್ಕಿರುವ ಈತನ ಸಮಾಧಿ ಭವನಗಳಿಂದಾಗಿ ಈತನ ಹೆಸರು ಇಂದಿಗೂ ಪರಿಚಿತವಾಗಿದೆ.

ರಾಜ್ಯದ ನೆಲೆ

ಅಲಿ ಬರೀದನ ರಾಜ್ಯವು ಮಂಜೀರಾ ನದಿಯ ಆಸುಪಾಸಿನ ಪ್ರಸ್ಥಭೂಮಿಯಲ್ಲಿ ಹರಡಿತ್ತು. ಇಂದಿನ ಬೀದರ್ ಜಿಲ್ಲೆ ಅದರ ತಿರುಳು. ಇದರ ಜೊತೆಗೆ ಈಗ ಮಹಾರಾಷ್ಟ್ರದ ಲಾತೂರು ಜಿಲ್ಲೆಗೆ ಸೇರಿರುವ ಔಸಾ, ಉದಗೀರ್ ಹಾಗೂ ನಾಂದೇಡ ಜಿಲ್ಲೆಯ ಕಂಧಾರ್ ಕೋಟೆಗಳು ಮನೆತನದ ಅಧೀನದಲ್ಲಿದ್ದವು. ಪಶ್ಚಿಮದಲ್ಲಿ ಕಲ್ಯಾಣಿ, ಅಂದರೆ ಇಂದಿನ ಬಸವಕಲ್ಯಾಣ, ರಾಜ್ಯದ ಅತಿ ಮುಖ್ಯ ಗಡಿಕೋಟೆಯಾಗಿತ್ತು. ಬೀದರಿನಿಂದ ಹಳ್ಳಿಖೇಡ (ಬಿ), ಹುಮನಾಬಾದ್ ಮಾರ್ಗವಾಗಿ ಕಲ್ಯಾಣಿಗೆ ಹೋಗುವ ದಾರಿ ಇಂದಿನ ಲೆಕ್ಕದಲ್ಲಿ ಎಂಬತ್ತು ಕಿಲೋಮೀಟರುಗಳ ಆಸುಪಾಸಿನದು. ಈ ಹಾದಿಯ ಇಕ್ಕೆಲದ ಹಳ್ಳಿಗಳು ಹಾಗೂ ಎರಡು ಕೋಟೆಗಳ ನಡುವಿನ ಕಪ್ಪುಮಣ್ಣಿನ ಹೊಲಗಳು ಆ ಪುಟ್ಟ ರಾಜ್ಯದ ಜೀವಾಳವಾಗಿದ್ದವು.

ರಾಜ್ಯಕ್ಕೆ ಸಮುದ್ರತೀರವಿರಲಿಲ್ಲ. ದಖ್ಖನಿನ ಸೇನೆಗಳಿಗೆ ಅನಿವಾರ್ಯವಾಗಿದ್ದ ಅರಬ್ಬೀ ಕುದುರೆಗಳು ಗೋವಾ, ಚೌಲ್ ಮುಂತಾದ ಪಶ್ಚಿಮ ಕರಾವಳಿಯ ರೇವುಗಳಿಂದ ಬೇರೆಯವರ ನೆಲವನ್ನು ದಾಟಿಯೇ ಬೀದರಿಗೆ ತಲುಪಬೇಕಿತ್ತು. ನೈಋತ್ಯಕ್ಕೆ ಬಿಜಾಪುರದ ಆದಿಲ್ ಷಾಹಿ, ವಾಯವ್ಯಕ್ಕೆ ಅಹಮದ್‌ನಗರದ ನಿಜಾಮ್ ಷಾಹಿ, ಉತ್ತರಕ್ಕೆ ಬೇರಾರಿನ ಇಮಾದ್ ಷಾಹಿ, ಪೂರ್ವಕ್ಕೆ ಗೋಲ್ಕೊಂಡದ ಕುತುಬ್ ಷಾಹಿ, ಹೀಗೆ ನಾಲ್ಕು ದಿಕ್ಕಿಗೂ ತನಗಿಂತ ದೊಡ್ಡ ರಾಜ್ಯಗಳೇ ಇದ್ದವು. ಬೀದರಿಗೆ ಇದ್ದ ಅನುಕೂಲಗಳು ಎರಡು. ಒಂದು, ಜಂಬಿಟ್ಟಿಗೆ ಬಂಡೆಯನ್ನು ಕೊರೆದು ನಿರ್ಮಿಸಿದ ಮೂರು ಸಾಲಿನ ಕಂದಕವುಳ್ಳ ಕೋಟೆ. ಇನ್ನೊಂದು, ಅದು ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದುದರಿಂದ ಬಂದ ಗೌರವ.

ಮನೆತನದ ಹಿನ್ನೆಲೆ

ಅಲಿಯ ಅಜ್ಜ ಕಾಸಿಂ ಬರೀದ್ ಜಾರ್ಜಿಯಾ ಸೀಮೆಯಿಂದ ಬಂದ ತುರ್ಕಿ. ಗುಲಾಮನಾಗಿ ದಖ್ಖನಿಗೆ ಬಂದು ಮೂರನೇ ಮುಹಮ್ಮದ್ ಷಾ ಬಹಮನಿಯ ಸೇವೆಗೆ ಸೇರಿದ ಈತನು ಸುಂದರ ಬರವಣಿಗೆಯಲ್ಲಿಯೂ ಸಂಗೀತದಲ್ಲಿಯೂ ಪರಿಣತನೆಂದು ಹೆಸರಾಗಿದ್ದನು. ಪೈಠಣ ಪ್ರಾಂತದ ಮರಾಠಾ ನಾಯಕರ ಬಂಡಾಯವನ್ನು ಅಡಗಿಸಿದ ಬಳಿಕ ಅವರಲ್ಲೊಬ್ಬನಾದ ಸಾಬಾಜಿಯ ಮಗಳನ್ನು ತನ್ನ ಮಗ ಅಮೀರನಿಗೆ ತಂದುಕೊಂಡನು. ಆಕೆಯ ಬಂಧುಗಳಾದ ಸುಮಾರು 400 ಮಂದಿ ಕಾಸಿಮನ ಪಡೆಗೆ ಸೇರಿದರೆಂದು ಚರಿತ್ರಕಾರ ಫಿರಿಶ್ತಾ ತಿಳಿಸುತ್ತಾನೆ. ಪರದೇಶದಿಂದ ಬಂದ ಒಬ್ಬ ಅಧಿಕಾರಿಗೆ ಸ್ಥಳೀಯ ಬೇರು ದೊರೆತದ್ದು ಈ ಸಂಬಂಧದಿಂದಲೇ.

1482ರಲ್ಲಿ ಮೂರನೇ ಮುಹಮ್ಮದ್ ಷಾ ತೀರಿಕೊಂಡಾಗ ಉತ್ತರಾಧಿಕಾರಿಯಾದ ಮಹಮೂದ್ ಷಾ ಇನ್ನೂ ಬಾಲಕ. ಮುಂದಿನ ವರ್ಷಗಳಲ್ಲಿ ಪ್ರಾಂತಾಧಿಪತಿಗಳು ಒಬ್ಬೊಬ್ಬರಾಗಿ ಸ್ವತಂತ್ರರಾದರು. ಕಾಸಿಂ ಬರೀದನು ಎಲ್ಲಿಗೂ ಹೋಗಲಿಲ್ಲ. ರಾಜಧಾನಿಯಲ್ಲೇ ಉಳಿದು ಪ್ರಧಾನಿ ಪದವಿಯನ್ನು ಹಿಡಿದನು. ಇತರರು ಪ್ರಾಂತಗಳನ್ನು ಹಂಚಿಕೊಂಡರೆ ಬರೀದರ ಪಾಲಿಗೆ ಬಂದದ್ದು ಸುಲ್ತಾನನ ವ್ಯಕ್ತಿ ಮತ್ತು ಆತನ ಅರಮನೆ.

1504ರಲ್ಲಿ ಕಾಸಿಮನ ಸ್ಥಾನಕ್ಕೆ ಬಂದ ಅಮೀರ್ ಬರೀದನು ಇದೇ ನೀತಿಯನ್ನು ಮುಂದುವರಿಸಿದನು. 1518ರಲ್ಲಿ ಮಹಮೂದ್ ಷಾ ಮರಣ ಹೊಂದಿದ ಮೇಲೆ ನಾಲ್ವರು ಬಹಮನಿ ರಾಜಕುಮಾರರನ್ನು ಒಬ್ಬರ ನಂತರ ಒಬ್ಬರಂತೆ ಸಿಂಹಾಸನದ ಮೇಲೆ ಕೂರಿಸಿ, ತಾನು ಮಾತ್ರ ಮಂತ್ರಿಯೆಂಬ ಹೆಸರಿನಲ್ಲೇ ಆಳಿದನು. ಕೊನೆಯವನಾದ ಕಲೀಮುಲ್ಲಾ, 1526ರ ಪಾಣಿಪತ್ ಯುದ್ಧದಲ್ಲಿ ಗೆದ್ದ ಬಾಬರನಿಗೆ ಸಹಾಯ ಕೋರಿ ಗುಟ್ಟಾಗಿ ಪತ್ರ ಕಳುಹಿಸಿದನು. ಅದು ಬಯಲಾದಾಗ ಹೆದರಿ ಬೀದರನ್ನು ಬಿಟ್ಟು ಓಡಿಹೋದನು. ಸಿಂಹಾಸನ ಬರಿದಾದರೂ ಅಮೀರನು ಅದನ್ನು ಏರಲಿಲ್ಲ. ಸಮಕಾಲೀನರು ಆತನನ್ನು ದಖ್ಖನಿನ ನರಿ ಎಂಬ ಅರ್ಥದ ಪರ್ಷಿಯನ್ ಅಡ್ಡಹೆಸರಿನಿಂದ ಕರೆಯುತ್ತಿದ್ದರು.

ಬೀದರ್ ಕೈತಪ್ಪಿ ಮರಳಿದ್ದು

ಅಲಿ ಬರೀದನ ಮುಂದಿನ ನಡವಳಿಕೆಗಳನ್ನು ಅರಿಯಲು ಆತನ ತಂದೆಯ ಕಾಲದ ಒಂದು ಘಟನೆಯನ್ನು ತಿಳಿದಿರಬೇಕು. 1529ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ ಬೀದರಿಗೆ ಮುತ್ತಿಗೆ ಹಾಕಿದನು. ಅಮೀರ್ ಬರೀದನು ಕೋಟೆಯನ್ನು ಮಕ್ಕಳಿಗೆ ವಹಿಸಿ, ತಾನು ಉದಗೀರಿಗೆ ಸರಿದು, ಬೇರಾರಿನ ಅರಸನ ನೆರವು ಪಡೆಯಲು ಯತ್ನಿಸಿದನು. ಒಂದು ರಾತ್ರಿ ಬಿಜಾಪುರದ ಸೇನಾನಿ ಅಸದ್ ಖಾನ್ ಲಾರಿ ಆತನ ಬಿಡಾರಕ್ಕೆ ನುಗ್ಗಿದಾಗ ಕಾವಲಿನವರೆಲ್ಲ ಕುಡಿದು ಮಲಗಿದ್ದರು. ಅಮೀರನೂ ಅದೇ ಸ್ಥಿತಿಯಲ್ಲಿದ್ದನು. ಅವನನ್ನು ಮಂಚಸಹಿತವಾಗಿ ಎತ್ತಿಕೊಂಡು ಹೋದರೆಂದೂ, ದಾರಿಯಲ್ಲಿ ಎಚ್ಚರವಾದಾಗ ಭೂತಗಳು ತನ್ನನ್ನು ಹೊತ್ತೊಯ್ಯುತ್ತಿವೆಯೆಂದು ಭ್ರಮಿಸಿದನೆಂದೂ ಫಿರಿಶ್ತಾ ಬರೆದಿದ್ದಾನೆ. ಈ ಕಥೆ ಬಿಜಾಪುರದ ಆಸ್ಥಾನದಲ್ಲಿ ಬರೆದದ್ದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಸೆರೆ ಸಿಕ್ಕಿದ್ದು ಮಾತ್ರ ನಿಜ.

ಕೋಟೆಯ ಮುಂದೆ ತಂದೆಯನ್ನು ಆನೆಯ ಕಾಲಿಗೆ ಹಾಕುವ ಬೆದರಿಕೆ ಒಡ್ಡಿದಾಗ ಮಕ್ಕಳು ಬೀದರನ್ನು ಒಪ್ಪಿಸಿದರು. ಇಸ್ಮಾಯಿಲನು ಅಲ್ಲಿನ ಸಂಪತ್ತನ್ನು ತನ್ನವರಿಗೆ ಹಂಚಿದನು. ಅಮೀರನನ್ನು ಬಿಜಾಪುರದ ಸರದಾರನನ್ನಾಗಿ ನೇಮಿಸಿ, 1530ರಲ್ಲಿ ರಾಯಚೂರು ಮತ್ತು ಮುದಗಲ್ಲುಗಳನ್ನು ವಿಜಯನಗರದಿಂದ ಮರಳಿ ಪಡೆಯುವ ದಂಡಯಾತ್ರೆಗೆ ಜೊತೆಗೆ ಕರೆದೊಯ್ದನು. ಅನಂತರ ಕಲ್ಯಾಣಿ ಹಾಗೂ ಕಂಧಾರ್ ಕೋಟೆಗಳನ್ನು ತನಗೆ ಬಿಟ್ಟುಕೊಡಬೇಕೆಂಬ ಷರತ್ತಿನ ಮೇಲೆ ಬೀದರನ್ನು ಹಿಂದಿರುಗಿಸಿದನು. ಬೀದರನ್ನು ಪಡೆದ ಅಮೀರನು ಕೋಟೆಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ.

ರಾಜಧಾನಿಯನ್ನು ಉಳಿಸಿಕೊಳ್ಳಲು ಗಡಿಕೋಟೆಯನ್ನು ಪಣಕ್ಕಿಡುವ ವ್ಯವಹಾರ ಬೀದರಿನ ರಾಜನೀತಿಯಲ್ಲಿ ಹೀಗೆ ಆರಂಭವಾಯಿತು. ಮಗನ ಕಾಲದಲ್ಲಿ ಅದು ಇನ್ನೂ ಹೆಚ್ಚಿನ ಬೆಲೆಯನ್ನು ಕೇಳಿತು.

ಪಟ್ಟ ಮತ್ತು ಬಿರುದು

ಅಮೀರ್ ಬರೀದನು 1542ರಲ್ಲಿ ದೌಲತಾಬಾದಿನಲ್ಲಿದ್ದಾಗ ಮರಣ ಹೊಂದಿದನು. ಬೀದರಿನಲ್ಲಿರುವ ಆತನ ಸಮಾಧಿ ಪೂರ್ಣಗೊಳ್ಳದೆ ಉಳಿದಿದೆ. ಆತನ ಬಳಿಕ ಪಟ್ಟಕ್ಕೆ ಬಂದ ಅಲಿ ಬರೀದನು ಅಜ್ಜ ಮತ್ತು ತಂದೆ ಅರ್ಧ ಶತಮಾನ ಕಾಲ ತಪ್ಪಿಸಿಕೊಂಡು ಬಂದಿದ್ದ ಹೆಜ್ಜೆಯನ್ನು ಇಟ್ಟು ‘ಷಾ’ ಎಂದು ಕರೆಸಿಕೊಂಡನು. ಬಹಮನಿ ವಂಶದ ಕೊನೆಯ ಹೆಸರೂ ಆ ವೇಳೆಗೆ ಮುಗಿದಿತ್ತು. ಮಂತ್ರಿಯ ವೇಷಕ್ಕೆ ಅರ್ಥ ಉಳಿದಿರಲಿಲ್ಲ.

ಆದರೆ ಬಿರುದಿಗೂ ಬಲಕ್ಕೂ ಹೊಂದಿಕೆ ಇರಲಿಲ್ಲ. ಬಹಮನಿ ಸುಲ್ತಾನನೊಬ್ಬನನ್ನು ಇರಿಸಿಕೊಂಡಿದ್ದವರೆಗೆ ಬೀದರಿನ ಮೇಲೆ ಏರಿಹೋಗುವುದೆಂದರೆ ಹಳೆಯ ಒಡೆಯನ ಮೇಲೆಯೇ ಏರಿಹೋದಂತೆ. ಆ ಮುಜುಗರ ಈಗ ಯಾರಿಗೂ ಇರಲಿಲ್ಲ. ಅಲಿ ಬರೀದನು ಸಮಾನ ಬಿರುದಿನ ಐವರು ಅರಸರಲ್ಲಿ ಒಬ್ಬನಾದನು, ಐವರಲ್ಲಿ ಅತ್ಯಂತ ದುರ್ಬಲನೂ ಆದನು.

ಷಾ ತಾಹಿರನ ಪ್ರಸಂಗ ಮತ್ತು ಕೋಟೆಗಳ ನಷ್ಟ

ಹೊಸ ಅರಸನಿಗೆ ಶುಭ ಕೋರಲು ಅಹಮದ್‌ನಗರದ ಬುರ್ಹಾನ್ ನಿಜಾಮ್ ಷಾ ತನ್ನ ಆಪ್ತ ಸಲಹೆಗಾರ ಷಾ ತಾಹಿರನನ್ನು ಬೀದರಿಗೆ ಕಳುಹಿಸಿದನು. ಷಾ ತಾಹಿರ್ ಇರಾನಿನಿಂದ ಬಂದ ದೊಡ್ಡ ವಿದ್ವಾಂಸ. ಬುರ್ಹಾನನು ಶಿಯಾ ಪಂಥವನ್ನು ಸ್ವೀಕರಿಸಲು ಕಾರಣನಾದವನು. ಬರೀದ್ ಮನೆತನದವರು ಸುನ್ನಿಗಳು. ಬೀದರಿನ ಆಸ್ಥಾನದಲ್ಲಿ ಆ ರಾಯಭಾರಿಗೆ ತಕ್ಕ ಮರ್ಯಾದೆ ಸಿಗಲಿಲ್ಲವೆಂದು ಫಿರಿಶ್ತಾ ಹೇಳುತ್ತಾನೆ. ಬುರ್ಹಾನನಿಗೆ ಇಷ್ಟು ಸಾಕಾಯಿತು. ರಾಯಭಾರಿಯ ಅವಮಾನವನ್ನು ನೆಪವಾಗಿಸಿಕೊಂಡು ಆತನು 1540ರ ದಶಕದ ನಡುವಿನಲ್ಲಿ ಬೀದರ್ ರಾಜ್ಯದ ಉತ್ತರದ ಕೋಟೆಗಳ ಮೇಲೆ ದಂಡೆತ್ತಿ ಬಂದನು.

ಒಂಟಿಯಾಗಿ ಎದುರಿಸಲಾರದ ಅಲಿ ಬರೀದನು ಬಿಜಾಪುರದ ಒಂದನೇ ಇಬ್ರಾಹಿಂ ಆದಿಲ್ ಷಾನ ನೆರವನ್ನು ಬೇಡಿದನು. ಅದಕ್ಕೆ ಪ್ರತಿಯಾಗಿ ಕೊಡಲು ಒಪ್ಪಿದ್ದು ಕಲ್ಯಾಣಿ ಕೋಟೆಯನ್ನು. ಹಿಂದೆ ತಂದೆ ಮಾತು ಕೊಟ್ಟು ತಪ್ಪಿಸಿಕೊಂಡಿದ್ದ ಅದೇ ಕೋಟೆ. ಈ ಬಾರಿ ಅದು ನಿಜವಾಗಿಯೂ ಬಿಜಾಪುರದ ಕೈಸೇರಿತು. ಆದರೆ ಔಸಾದ ಸಮೀಪ ನಡೆದ ಕಾಳಗದಲ್ಲಿ ಮಿತ್ರಸೇನೆ ಸೋತಿತು. ಔಸಾ, ಉದಗೀರ್, ಕಂಧಾರ್ ಮೂರೂ ಅಹಮದ್‌ನಗರದ ವಶವಾದವು. ನೆರವಿಗೆ ತೆತ್ತ ಬೆಲೆಯೂ ಹೋಯಿತು, ನೆರವು ಕಾಪಾಡಬೇಕಿದ್ದ ಕೋಟೆಗಳೂ ಹೋದವು. ಅಲಿ ಬರೀದನ ಆಳ್ವಿಕೆಯಲ್ಲಿ ರಾಜ್ಯಕ್ಕೆ ಬಿದ್ದ ಅತಿ ದೊಡ್ಡ ಪೆಟ್ಟು ಇದು. ಇದಾದ ಮೇಲೆ ಉಳಿದದ್ದು ಬೀದರ್ ನಗರ, ಅದರ ಕೋಟೆ ಮತ್ತು ಸುತ್ತಣ ಪ್ರದೇಶ ಮಾತ್ರ.

ಗೋಲ್ಕೊಂಡದೊಂದಿಗಿನ ಸಂಬಂಧ

1543ರಲ್ಲಿ ಗೋಲ್ಕೊಂಡದ ವೃದ್ಧ ಸುಲ್ತಾನ ಕುಲಿ ಕುತುಬ್ ಉಲ್ ಮುಲ್ಕ್ ಕೊಲೆಯಾಗಿ, ಆತನ ಮಗ ಜಮ್ಷೀದ್ ಅಧಿಕಾರಕ್ಕೆ ಬಂದನು. ಕಿರಿಯ ಮಗ ಇಬ್ರಾಹಿಂ ಪ್ರಾಣಭಯದಿಂದ ಬೀದರಿಗೆ ಓಡಿಬಂದನು. ಅಲಿ ಬರೀದನು ಆತನಿಗೆ ಆಶ್ರಯ ನೀಡಿದ್ದಲ್ಲದೆ, ಆತನ ಪರವಾಗಿ ಗೋಲ್ಕೊಂಡದವರೆಗೆ ಸೇನೆಯನ್ನೂ ನಡೆಸಿದನು. ನೆರೆಯ ಸಿಂಹಾಸನದ ಮೇಲೆ ತನ್ನ ಉಪಕಾರ ಪಡೆದವನೊಬ್ಬ ಕುಳಿತರೆ ಪೂರ್ವದ ಗಡಿ ನಿಶ್ಚಿಂತವಾಗುತ್ತಿತ್ತು. ಆದರೆ ಜಮ್ಷೀದನು ಅಹಮದ್‌ನಗರದ ನೆರವು ಪಡೆದದ್ದರಿಂದ ಅಲಿ ಬರೀದನು ಹಿಮ್ಮೆಟ್ಟಬೇಕಾಯಿತು.

ಮುಂದೆ ಇಬ್ರಾಹಿಮನ ಬಳಿಯಿದ್ದ ಆನೆಗಳು ಮತ್ತು ಸೊತ್ತಿನ ಮೇಲೆ ಅಲಿ ಬರೀದನು ಕಣ್ಣು ಹಾಕಿದನೆಂದು ಕುತುಬ್ ಷಾಹಿ ಇತಿಹಾಸ ಹೇಳುತ್ತದೆ. ಬೇಸತ್ತ ರಾಜಕುಮಾರನು ಬೀದರನ್ನು ತೊರೆದು ವಿಜಯನಗರಕ್ಕೆ ಹೋಗಿ, ಅಳಿಯ ರಾಮರಾಯನ ಆಶ್ರಯದಲ್ಲಿ ಏಳು ವರ್ಷ ಕಳೆದು, 1550ರಲ್ಲಿ ಗೋಲ್ಕೊಂಡದ ಸುಲ್ತಾನನಾದನು. ದೊಡ್ಡ ಲಾಭವನ್ನು ಸಣ್ಣ ಲೋಭಕ್ಕೆ ಕಳೆದುಕೊಂಡ ಪ್ರಸಂಗ ಇದು. ವಿಜಯನಗರಕ್ಕೆ ದೊರೆತ ಆ ಕೃತಜ್ಞತೆ ಬೀದರಿಗೆ ದೊರೆಯಬಹುದಾಗಿತ್ತು.

ಅದೇ ಇತಿಹಾಸದ ಪ್ರಕಾರ, ಅಲಿ ಬರೀದನು ಒಮ್ಮೆ ನೆರವು ಅರಸಿ ಹೋದಾಗ ಇಬ್ರಾಹಿಂ ಆದಿಲ್ ಷಾನೇ ಅವನನ್ನು ಸೆರೆಯಲ್ಲಿಟ್ಟನು. ಆಗ ಮಧ್ಯಸ್ಥಿಕೆ ವಹಿಸಿ ಬಿಡಿಸಿ ಬೀದರಿನ ಗದ್ದುಗೆಯಲ್ಲಿ ಮತ್ತೆ ಕೂರಿಸಿದವನು ಜಮ್ಷೀದ್. ಯಾರನ್ನು ಕೆಳಗಿಳಿಸಲು ಅಲಿ ಬರೀದನು ಹಿಂದೆ ದಂಡೆತ್ತಿ ಹೋಗಿದ್ದನೋ ಆತನೇ. ಬೀದರ್ ಯಾರೊಬ್ಬರ ಸ್ವತ್ತೂ ಆಗಬಾರದೆಂಬ ಬಯಕೆ ಉಳಿದವರೆಲ್ಲರಲ್ಲಿಯೂ ಇತ್ತು. ಆ ಪುಟ್ಟ ರಾಜ್ಯ ಉಳಿದುಕೊಂಡದ್ದಕ್ಕೆ ಅದರ ಸೇನೆಗಿಂತ ಈ ಪರಸ್ಪರ ಅಸೂಯೆಯೇ ಹೆಚ್ಚಿನ ಕಾರಣ.

ಇದೇ ಶತಮಾನದಲ್ಲಿ ಯುರೋಪಿನ ಮೆಡಿಟರೇನಿಯನ್ ತೀರದಲ್ಲಿ ಮೊನಾಕೊ ಎಂಬ ಚಿಕ್ಕ ಸಂಸ್ಥಾನವನ್ನು ಗ್ರಿಮಾಲ್ಡಿ ಮನೆತನದವರು ಆಳುತ್ತಿದ್ದರು. ಅವರು 1524ರಿಂದ 1641ರವರೆಗೆ ಸ್ಪೇನಿನ ರಕ್ಷಣೆಗೆ ಒಳಪಟ್ಟು, ತಮ್ಮ ಕೋಟೆಯಲ್ಲಿ ಸ್ಪೇನಿನ ಕಾವಲು ಪಡೆಯನ್ನು ಇರಿಸಿಕೊಂಡು ಬದುಕಿದರು. ಅಂಥ ಒಬ್ಬನೇ ರಕ್ಷಕನನ್ನು ಅಲಿ ಬರೀದನು ಆರಿಸಿಕೊಳ್ಳಲಿಲ್ಲ. ಪ್ರತಿ ಬಿಕ್ಕಟ್ಟಿಗೂ ಹೊಸ ಒಪ್ಪಂದ, ಪ್ರತಿ ಒಪ್ಪಂದಕ್ಕೂ ಬೇರೆ ಬೆಲೆ ಎಂಬುದು ಆತನ ಕ್ರಮವಾಗಿತ್ತು.

ಕಲ್ಯಾಣಿಗಾಗಿ ಕದನಗಳು

ಅಲಿ ಬರೀದನ ಕೈಬಿಟ್ಟ ಕಲ್ಯಾಣಿ ಕೋಟೆಯು ಮುಂದಿನ ಎರಡು ದಶಕಗಳಲ್ಲಿ ದಖ್ಖನಿನ ರಾಜಕಾರಣದ ಕೇಂದ್ರಬಿಂದುವಾಯಿತು. 1549ರಲ್ಲಿ ಬುರ್ಹಾನ್ ನಿಜಾಮ್ ಷಾ ರಾಮರಾಯನ ಬೆಂಬಲದಿಂದ ಅದನ್ನು ಮುತ್ತಿದನು. ಬಿಡಿಸಲು ಬಂದ ಬಿಜಾಪುರದ ಸೇನೆಯ ಬಿಡಾರದ ಮೇಲೆ ರಂಜಾನ್ ಹಬ್ಬದ ಮುಂಜಾನೆ ಹಠಾತ್ ದಾಳಿ ನಡೆಯಿತು. ಸ್ನಾನಕ್ಕೆ ತೊಡಗಿದ್ದ ಇಬ್ರಾಹಿಂ ಆದಿಲ್ ಷಾ ಹೇಗೋ ತಪ್ಪಿಸಿಕೊಂಡನು. ಕೋಟೆ ಅಹಮದ್‌ನಗರಕ್ಕೆ ಹೋಯಿತು. 1558ರಲ್ಲಿ ಬಿಜಾಪುರದ ಪಟ್ಟಕ್ಕೆ ಬಂದ ಒಂದನೇ ಅಲಿ ಆದಿಲ್ ಷಾ ಅದನ್ನು ಹಿಂಪಡೆಯಲು ಸ್ವತಃ ರಾಮರಾಯನ ಸ್ನೇಹ ಬೆಳೆಸಿದನು. ಇಬ್ಬರೂ ಕೂಡಿ ಅಹಮದ್‌ನಗರದ ಮೇಲೆ ನಡೆಸಿದ ದಂಡಯಾತ್ರೆಯ ಕೊನೆಗೆ ಕಲ್ಯಾಣಿ ಬಿಜಾಪುರಕ್ಕೆ ಮರಳಿತು.

ಅಹಮದ್‌ನಗರದ ಹುಸೇನ್ ನಿಜಾಮ್ ಷಾ ಸುಮ್ಮನಿರಲಿಲ್ಲ. 1560ರ ದಶಕದ ಆರಂಭದಲ್ಲಿ ಗೋಲ್ಕೊಂಡದ ಇಬ್ರಾಹಿಮನನ್ನು ಜೊತೆಗೂಡಿಸಿಕೊಂಡು ಮತ್ತೆ ಕಲ್ಯಾಣಿಗೆ ಮುತ್ತಿಗೆ ಹಾಕಿದನು. ಆಗ ರಾಮರಾಯ, ಅಲಿ ಆದಿಲ್ ಷಾ ಇವರೊಂದಿಗೆ ಅಲಿ ಬರೀದನೂ ಕೋಟೆಯ ರಕ್ಷಣೆಗೆ ಬಂದನು. ಒಂದು ಕಾಲಕ್ಕೆ ತನ್ನದೇ ಆಗಿದ್ದ ಕೋಟೆಯನ್ನು ಈಗಿನ ಒಡೆಯನಿಗಾಗಿ ಕಾಯಲು ಆತ ಸೈನ್ಯ ತಂದಿದ್ದನು. ಕಲ್ಯಾಣಿ ಬಿಜಾಪುರದ ಕೈಯಲ್ಲಿದ್ದರೆ ಬೀದರಿಗೆ ಸಹಿಸಬಹುದಾಗಿತ್ತು. ಉದಗೀರ್, ಔಸಾಗಳೊಂದಿಗೆ ಕಲ್ಯಾಣಿಯೂ ಅಹಮದ್‌ನಗರಕ್ಕೆ ಸೇರಿದರೆ ಉತ್ತರ ಮತ್ತು ಪಶ್ಚಿಮ ಎರಡೂ ಕಡೆಯಿಂದ ರಾಜಧಾನಿಯ ಕುತ್ತಿಗೆಗೆ ಉರುಳು ಬೀಳುತ್ತಿತ್ತು. ಮುತ್ತಿಗೆ ವಿಫಲವಾಯಿತು.

ಈ ಸೈನ್ಯಗಳೆಲ್ಲ ಹಾದುಹೋದದ್ದು, ಮೇವು ಧಾನ್ಯಗಳನ್ನು ಎತ್ತಿಕೊಂಡದ್ದು ಕಲ್ಯಾಣಿ ಸೀಮೆಯ ಹಳ್ಳಿಗಳಿಂದಲೇ. ಮುತ್ತಿಗೆ ಹಾಕುವವರು ಬದಲಾಗುತ್ತಿದ್ದರು, ಹೊಲಗಳು ಅವೇ ಇದ್ದವು.

ರಕ್ಕಸತಂಗಡಿ ಯುದ್ಧ

ರಾಮರಾಯನು ಸುಲ್ತಾನರ ಒಳಜಗಳಗಳಲ್ಲಿ ಪ್ರತಿಬಾರಿಯೂ ಒಬ್ಬರ ಪಕ್ಷ ವಹಿಸುತ್ತ ಬಲಗೊಂಡದ್ದು ಕೊನೆಗೆ ಎಲ್ಲರನ್ನೂ ಒಂದುಗೂಡಿಸಿತು. ಬಿಜಾಪುರ ಮತ್ತು ಅಹಮದ್‌ನಗರ ಮದುವೆಯ ಮೂಲಕ ಸಂಬಂಧ ಬೆಳೆಸಿದವು. ಹುಸೇನನ ಮಗಳು ಚಾಂದ್ ಬೀಬಿ ಅಲಿ ಆದಿಲ್ ಷಾನನ್ನು ವರಿಸಿದಳು, ಸೊಲ್ಲಾಪುರ ಬಿಜಾಪುರಕ್ಕೆ ಬಳುವಳಿಯಾಗಿ ಬಂದಿತು. ಗೋಲ್ಕೊಂಡ ಮತ್ತು ಬೀದರ್ ಈ ಕೂಟವನ್ನು ಸೇರಿದವು. ಬೇರಾರ್ ಹೊರಗುಳಿಯಿತು. 1564ರ ಡಿಸೆಂಬರಿನಲ್ಲಿ ಸೇನೆಗಳು ತಾಳಿಕೋಟೆಯ ಬಳಿ ನೆರೆದು, 1565ರ ಜನವರಿ 23ರಂದು ಕೃಷ್ಣಾ ನದಿಯ ದಕ್ಷಿಣಕ್ಕೆ ನಡೆದ ಯುದ್ಧದಲ್ಲಿ ರಾಮರಾಯ ಹತನಾದನು. ನಡುವಿನ ಪಡೆಯನ್ನು ಹುಸೇನ್ ನಿಜಾಮ್ ಷಾ, ಬಲಪಾರ್ಶ್ವವನ್ನು ಅಲಿ ಆದಿಲ್ ಷಾ ನಡೆಸಿದರು. ಎಡಪಾರ್ಶ್ವದಲ್ಲಿ ಇಬ್ರಾಹಿಂ ಕುತುಬ್ ಷಾನ ಜೊತೆ ಅಲಿ ಬರೀದನ ಪಡೆಯಿತ್ತು. ಬೀದರಿನಲ್ಲಿ ಮನಸ್ತಾಪದಿಂದ ಅಗಲಿದ್ದ ಇಬ್ಬರೂ ಆ ದಿನ ಒಂದೇ ಸಾಲಿನಲ್ಲಿ ನಿಂತರು.

ಅಲಿ ಬರೀದನು ಒಂದೆರಡು ವರ್ಷಗಳ ಹಿಂದಷ್ಟೇ ಕಲ್ಯಾಣಿಯಲ್ಲಿ ರಾಮರಾಯನ ಮಿತ್ರನಾಗಿದ್ದನು. ಇಷ್ಟು ಬೇಗ ಪಕ್ಷ ಬದಲಿಸಿದ್ದು ವಿಚಿತ್ರವೆನಿಸಿದರೂ ಬಿಜಾಪುರದ ಅಲಿ ಆದಿಲ್ ಷಾನೂ ಅದನ್ನೇ ಮಾಡಿದ್ದನು. ಮೂವರು ನೆರೆಯವರೂ ಒಂದಾದಾಗ ಬೀದರ್ ಹೊರಗುಳಿಯುವುದು ಸಾಧ್ಯವಿರಲಿಲ್ಲ.

ಗೆಲುವಿನ ಫಲ ಸಮನಾಗಿ ಹಂಚಿಕೆಯಾಗಲಿಲ್ಲ. ರಾಯಚೂರು, ಮುದಗಲ್ಲು ಬಿಜಾಪುರಕ್ಕೆ ಸಂದವು. ಗೋಲ್ಕೊಂಡವೂ ತನ್ನ ದಕ್ಷಿಣದ ಗಡಿಯ ಕೋಟೆಗಳನ್ನು ಪಡೆಯಿತು. ವಿಜಯನಗರದೊಂದಿಗೆ ಬೀದರಿಗೆ ಗಡಿಯೇ ಇಲ್ಲದ್ದರಿಂದ ಅದರ ವಿಸ್ತಾರ ಮೊದಲಿದ್ದಷ್ಟೇ ಉಳಿಯಿತು. ಇದಕ್ಕಿಂತ ಗಂಭೀರವಾದ ಪರಿಣಾಮ ಇನ್ನೊಂದಿತ್ತು. ಸುಲ್ತಾನರ ನಡುವಿನ ತಕ್ಕಡಿಯನ್ನು ತೂಗುತ್ತಿದ್ದ ದಕ್ಷಿಣದ ಮಹಾಶಕ್ತಿ ಮರೆಯಾದದ್ದರಿಂದ ಸಣ್ಣ ರಾಜ್ಯಗಳಿಗೆ ಆಸರೆಯೂ ಕಡಿಮೆಯಾಯಿತು.

ಆಡಳಿತ

ಬರೀದ್ ಷಾಹಿ ಆಡಳಿತವು ಬಹುಮಟ್ಟಿಗೆ ಬಹಮನಿ ಪದ್ಧತಿಯ ಮುಂದುವರಿಕೆ. ಮನೆತನವೇ ಪ್ರಧಾನಿ ಪದವಿಯಿಂದ ಮೇಲೆ ಬಂದದ್ದರಿಂದ ದಫ್ತರಗಳು, ಹುದ್ದೆಗಳು, ಅರಮನೆಯ ಕಟ್ಟಳೆಗಳು ಆಗಲೇ ಅದರ ಕೈಯಲ್ಲಿದ್ದವು. ಕೋಟೆಗಳನ್ನು ಕಿಲ್ಲೇದಾರರು ನೋಡಿಕೊಳ್ಳುತ್ತಿದ್ದರು. ಸರದಾರರಿಗೆ ಸೇನೆಯನ್ನು ಸಾಕಲು ಜಹಗೀರುಗಳಿದ್ದವು. ಆಸ್ಥಾನದ ಭಾಷೆ ಪರ್ಷಿಯನ್. ಹಳ್ಳಿಗಳ ಮಟ್ಟದಲ್ಲಿ ದೇಶಮುಖ, ದೇಶಪಾಂಡೆ, ಪಾಟೀಲ, ಕುಲಕರ್ಣಿಯರು ಕಂದಾಯದ ಲೆಕ್ಕವನ್ನು ನಡೆಸುತ್ತಿದ್ದರು. ಪ್ರಜೆಗಳ ಮಾತು ಕನ್ನಡ, ಮರಾಠಿ, ತೆಲುಗು ಹಾಗೂ ದಖನಿ.

ಪರ್ಷಿಯನ್ ಆಡಳಿತ ಭಾಷೆಯಾಗಿದ್ದ ಶತಮಾನಗಳ ಗುರುತು ಈ ಭಾಗದ ಊರ ಹೆಸರುಗಳಲ್ಲಿ ಈಗಲೂ ಉಳಿದಿದೆ. ಒಂದೇ ಹೆಸರಿನ ಎರಡು ಊರುಗಳಲ್ಲಿ ದೊಡ್ಡದಕ್ಕೆ ಬುಜುರ್ಗ್, ಚಿಕ್ಕದಕ್ಕೆ ಖುರ್ದ್ ಎಂದು ಕಂದಾಯ ದಫ್ತರದಲ್ಲಿ ಬರೆಯುವ ರೂಢಿಯಿತ್ತು. ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ) ಎಂಬಲ್ಲಿನ ‘ಬಿ’ ಮತ್ತು ‘ಕೆ’ ಅಕ್ಷರಗಳು ಆ ಪದಗಳ ಸಂಕ್ಷಿಪ್ತ ರೂಪಗಳು.

ಕಟ್ಟಡಗಳು

ರಾಜ್ಯ ಕುಗ್ಗಿದಂತೆ ಅಲಿ ಬರೀದನ ಕಟ್ಟಡಗಳು ಹೆಚ್ಚು ನಾಜೂಕಾದವು. ಕೋಟೆಯ ಗುಂಬದ್ ದರ್ವಾಜೆಯ ಸಮೀಪವಿರುವ ರಂಗೀನ್ ಮಹಲ್ ಗಾತ್ರದಲ್ಲಿ ದೊಡ್ಡದಲ್ಲ. ಬಣ್ಣದ ಹೆಂಚುಗಳ ಅಲಂಕಾರದಿಂದ ಅದಕ್ಕೆ ಈ ಹೆಸರು. ಅದರ ಹಜಾರದ ಮರದ ಕಂಬಗಳ ಬೋದಿಗೆಗಳಲ್ಲಿ ಹಿಂದೂ ಶಿಲ್ಪಿಗಳ ಕೆತ್ತನೆಯ ಕೈವಾಡ ಸ್ಪಷ್ಟವಾಗಿ ಕಾಣುತ್ತದೆ. ಒಳಕೋಣೆಯ ಬಾಗಿಲ ಸುತ್ತ ನುಣುಪಾದ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿ, ಹೂವು ಹಾಗೂ ಪರ್ಷಿಯನ್ ಪದ್ಯಗಳನ್ನು ಬಿಡಿಸಲಾಗಿದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಹೊಳಪು ಮೂಡಿಸುವ ಈ ಕೆಲಸವನ್ನು ಕಂಡವರಿಗೆ ಬೀದರಿನ ಬಿದ್ರಿ ಕಲೆ ನೆನಪಾಗದಿರದು. ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಕುರಿತ ಗ್ರಂಥದಲ್ಲಿ ಈ ಮಹಲಿನ ವಿವರವಾದ ವರ್ಣನೆಯಿದೆ.

ತನ್ನ ಸಮಾಧಿಯನ್ನು ಅಲಿ ಬರೀದನು ಬದುಕಿದ್ದಾಗಲೇ ಕಟ್ಟಿಸಿದನು. ಹಿಜರಿ 984, ಅಂದರೆ ಕ್ರಿ.ಶ. 1577ರ ಹೊತ್ತಿಗೆ ಅದು ಪೂರ್ಣಗೊಂಡಿತು. ತಂದೆಯ ಸಮಾಧಿ ಅರ್ಧಕ್ಕೆ ನಿಂತದ್ದನ್ನು ಕಂಡವನಿಗೆ ಈ ಆತುರ ಸಹಜವೇ. ಉದ್ಯಾನದ ನಡುವೆ ಎತ್ತರದ ಜಗಲಿಯ ಮೇಲೆ ನಿಂತಿರುವ ಈ ಚೌಕಾಕಾರದ ಕಟ್ಟಡಕ್ಕೆ ನಾಲ್ಕು ಕಡೆಯೂ ಎತ್ತರದ ಕಮಾನುಗಳಿವೆ. ಬಾಗಿಲುಗಳಿಲ್ಲ. ಬಹಮನಿ ಸುಲ್ತಾನರ ಮುಚ್ಚಿದ, ಮಬ್ಬುಗತ್ತಲೆಯ ಸಮಾಧಿಗಳನ್ನು ಅಷ್ಟೂರಿನಲ್ಲಿ ನೋಡಿ ಇಲ್ಲಿಗೆ ಬಂದರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಗೋರಿಯ ಮೇಲಿನ ನುಣುಪಾದ ಕರಿಕಲ್ಲಿಗೆ ದಿನವಿಡೀ ಬೆಳಕು, ಗಾಳಿ ತಾಗುತ್ತವೆ. ಒಳಗೋಡೆಗಳ ಮೇಲ್ಭಾಗದಲ್ಲಿ ಬಣ್ಣದ ಹೆಂಚುಗಳ ಮೇಲೆ ಪರ್ಷಿಯನ್ ಪದ್ಯಗಳಿವೆ. ಪಕ್ಕದಲ್ಲಿ ಒಂದು ಮಸೀದಿ ಇದೆ. ಗುಮ್ಮಟ ಕಟ್ಟಡದ ಅಳತೆಗೆ ಸ್ವಲ್ಪ ಭಾರವಾಯಿತೆನ್ನಬಹುದು.

ಬರೀದರ ಆಸ್ಥಾನದಲ್ಲಿ ಬರೆದ ಇತಿಹಾಸಗ್ರಂಥ ಉಳಿದು ಬಂದಿಲ್ಲ. ಅವರ ಕುರಿತು ತಿಳಿದುಬರುವುದೆಲ್ಲ ಬಿಜಾಪುರ, ಗೋಲ್ಕೊಂಡಗಳ ಬರಹಗಾರರಿಂದ. ಅಲಿ ಬರೀದನು ತನ್ನ ಕುರಿತು ತಾನೇ ಬಿಟ್ಟುಹೋದ ದಾಖಲೆಯೆಂದರೆ ಈ ಎರಡು ಕಟ್ಟಡಗಳು.

ಬೇರಾರಿನ ಪತನ ಮತ್ತು 1579ರ ಮುತ್ತಿಗೆ

1565ರ ನಂತರ ಬಿಜಾಪುರ ಮತ್ತು ಅಹಮದ್‌ನಗರಗಳು ಪರಸ್ಪರ ಕಾದಾಡುವುದನ್ನು ಬಿಟ್ಟು ಒಂದು ಹಂಚಿಕೆಗೆ ಬಂದವು. ಅಹಮದ್‌ನಗರದ ಮುರ್ತಜಾ ನಿಜಾಮ್ ಷಾ ಬೇರಾರ್ ಮತ್ತು ಬೀದರುಗಳನ್ನು ಗೆದ್ದುಕೊಳ್ಳಬಹುದು, ಅದಕ್ಕೆ ಸಮನಾದ ಭೂಮಿಯನ್ನು ಅಲಿ ಆದಿಲ್ ಷಾ ಹಳೆಯ ವಿಜಯನಗರದ ಸೀಮೆಯಲ್ಲಿ ಪಡೆಯಬಹುದು ಎಂಬುದು ಅದರ ಸಾರ. ಬೀದರಿನ ಭವಿಷ್ಯ ಬೀದರಿನವರಿಲ್ಲದ ಕಡೆ ನಿರ್ಧಾರವಾಗಿತ್ತು. 1574ರಲ್ಲಿ ಮುರ್ತಜಾ ಬೇರಾರನ್ನು ಗೆದ್ದು ಇಮಾದ್ ಷಾಹಿ ಮನೆತನವನ್ನು ಕೊನೆಗಾಣಿಸಿದನು. ಐದು ರಾಜ್ಯಗಳು ನಾಲ್ಕಾದವು. ಮುಂದಿನ ಸರದಿ ಬೀದರಿನದೆಂಬುದು ಸ್ಪಷ್ಟವಾಗಿತ್ತು.

1579ರಲ್ಲಿ ಮುರ್ತಜಾನ ಸೇನೆ ಬೀದರನ್ನು ಮುತ್ತಿತು. ಗೋಲ್ಕೊಂಡದ ಪಡೆಯೂ ಅದರೊಂದಿಗಿತ್ತು. ವೃದ್ಧನಾಗಿದ್ದ ಅಲಿ ಬರೀದನು ಮತ್ತೊಮ್ಮೆ ಬಿಜಾಪುರದತ್ತ ಕೈಚಾಚಿದನು. ಬೀದರನ್ನು ನುಂಗಲು ಹಿಂದೆ ಸಮ್ಮತಿಸಿದ್ದ ಅಲಿ ಆದಿಲ್ ಷಾ ಈಗ ಅಹಮದ್‌ನಗರ ಅತಿಯಾಗಿ ಬೆಳೆಯುತ್ತಿರುವುದನ್ನು ಕಂಡು ನೆರವಿಗೆ ಒಪ್ಪಿದನು. ಆದರೆ ಬೆಲೆ ಕೇಳಿದನು. ಕೊಡಲು ಅಲಿ ಬರೀದನ ಬಳಿ ಕೋಟೆ ಯಾವುದೂ ಉಳಿದಿರಲಿಲ್ಲ. ಕೇಳಿದ್ದು ಬೀದರಿನ ಅರಮನೆಯಲ್ಲಿದ್ದ, ರೂಪಕ್ಕೆ ಹೆಸರಾದ ಇಬ್ಬರು ಖೋಜಾಗಳನ್ನು, ಅಂದರೆ ಅಂತಃಪುರದ ನಪುಂಸಕ ಸೇವಕರನ್ನು. ಅಲಿ ಬರೀದನು ಒಪ್ಪಿದನು. ಬಿಜಾಪುರದಿಂದ 1,000 ಕುದುರೆ ಸವಾರರು ಹೊರಟರು. ಅದೇ ವೇಳೆಗೆ ಅಹಮದ್‌ನಗರದಲ್ಲಿ ಮುರ್ತಜಾನ ತಮ್ಮ ಬುರ್ಹಾನ್ ಬಂಡೆದ್ದದ್ದರಿಂದ ಮುರ್ತಜಾ ರಾಜಧಾನಿಗೆ ಧಾವಿಸಬೇಕಾಯಿತು. ಮುತ್ತಿಗೆ ಸಡಿಲಗೊಂಡು ಕೊನೆಗೆ ತೆರವಾಯಿತು. ಬೀದರ್ ಉಳಿಯಿತು.

ಮಾತಿನಂತೆ ಆ ಇಬ್ಬರನ್ನು ಬಿಜಾಪುರಕ್ಕೆ ಕಳುಹಿಸಲಾಯಿತು. ಯಾವ ಉದ್ದೇಶಕ್ಕೆ ತಮ್ಮನ್ನು ಕರೆಸಿಕೊಳ್ಳಲಾಗಿದೆ ಎಂಬುದು ಅವರಿಗೆ ಅಲ್ಲಿ ತಿಳಿಯಿತು. ಅವರಲ್ಲೊಬ್ಬನು 1580ರ ಏಪ್ರಿಲಿನಲ್ಲಿ ಅಲಿ ಆದಿಲ್ ಷಾನನ್ನು ಚೂರಿಯಿಂದ ಇರಿದು ಕೊಂದನು. ಬಿಜಾಪುರದ ಗದ್ದುಗೆ ಬಾಲಕನಾದ ಎರಡನೇ ಇಬ್ರಾಹಿಮನಿಗೆ ಬಂದಿತು. ಚಾಂದ್ ಬೀಬಿ ಆತನ ಪೋಷಕಳಾದಳು. ಬೀದರಿನ ಆಸ್ಥಾನವು ಈ ಕೊಲೆಯನ್ನು ಹೂಡಿತೆಂದು ಹೇಳಲು ಆಧಾರವಿಲ್ಲ. ತಮ್ಮ ಒಪ್ಪಿಗೆಯಿಲ್ಲದೆ ಎರಡು ಅರಸೊತ್ತಿಗೆಗಳ ನಡುವೆ ಕೈಬದಲಾದ ಇಬ್ಬರು ಮನುಷ್ಯರ ಕೃತ್ಯವೆಂದೇ ಅದನ್ನು ಓದಬೇಕು.

ಮರಣ ಮತ್ತು ನಂತರ

ಅದೇ 1580ರಲ್ಲಿ ಅಲಿ ಬರೀದ್ ಷಾ ಮರಣ ಹೊಂದಿ, ತಾನು ಕಟ್ಟಿಸಿದ ಸಮಾಧಿಯಲ್ಲಿ ಮಣ್ಣಾದನು. ಮಗ ಇಬ್ರಾಹಿಂ ಬರೀದ್ ಪಟ್ಟಕ್ಕೆ ಬಂದು 1587ರವರೆಗೆ ಆಳಿದನು. ಆನಂತರದ ಅರಸರು ಅಲ್ಪಾವಧಿಯವರು. ರಾಜ್ಯವು ಹೀಗೆಯೇ ಇನ್ನೂ ಮೂರು ದಶಕ ಬಾಳಿ, 1619ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಷಾನಿಂದ ಬಿಜಾಪುರಕ್ಕೆ ವಿಲೀನವಾಯಿತು. 1657ರಲ್ಲಿ ಔರಂಗಜೇಬನು ಬೀದರ್ ಹಾಗೂ ಕಲ್ಯಾಣಿ ಎರಡನ್ನೂ ಒಂದೇ ದಂಡಯಾತ್ರೆಯಲ್ಲಿ ಗೆದ್ದನು. ಅಲಿ ಬರೀದನ ಕಾಲದಲ್ಲಿ ಬೇರೆಯಾಗಿದ್ದ ಎರಡು ಕೋಟೆಗಳು ಮತ್ತೆ ಒಂದೇ ಆಡಳಿತಕ್ಕೆ ಸೇರಿ, ಮೊಘಲರ ನಂತರ ಹೈದರಾಬಾದಿನ ನಿಜಾಮರ ಅಧೀನದಲ್ಲಿದ್ದು, 1956ರಲ್ಲಿ ಬೀದರ್ ಜಿಲ್ಲೆಯೊಂದಿಗೆ ಅಂದಿನ ಮೈಸೂರು ರಾಜ್ಯವನ್ನು ಸೇರಿದವು.

ಬೀದರ್ ಕೋಟೆಯ ಬುರುಜುಗಳ ಮೇಲೆ ಬರೀದರ ಕಾಲದ ಫಿರಂಗಿಗಳು ಇಂದಿಗೂ ಇವೆ. ಅಲಿ ಬರೀದನ ಸಮಾಧಿಯ ಸುತ್ತಲಿನ ಜಾಗ ಬರೀದ್ ಷಾಹಿ ಉದ್ಯಾನವೆಂಬ ಹೆಸರಿನಲ್ಲಿ ನಗರದ ಸಾರ್ವಜನಿಕ ಉದ್ಯಾನವಾಗಿದ್ದು, ಬೀದರಿನಿಂದ ಉದಗೀರಿಗೆ ಹೋಗುವ ರಸ್ತೆಯ ಬದಿಯಲ್ಲಿದೆ.